ಬಿಸಿಗಾಳಿಯ ಪ್ರಶ್ನೆ ಗೃಹ ಸಚಿವಾಲಯಕ್ಕೆ: ಲೋಕಸಭೆಯಲ್ಲಿ ಸರ್ಕಾರದಿಂದ ಉತ್ತರ ಪಡೆಯುವ ಬಗೆ

ವಿರೋಧ ಪಕ್ಷದ ಸಂಸದರಿಗೆ ಪ್ರಶ್ನೆ, ಸೂಚನೆ, ಭಾಷಣದ ಟಿಪ್ಪಣಿ ಸಿದ್ಧಮಾಡಿಕೊಡುವುದು ನನ್ನ ಕೆಲಸ. ಹವಾಮಾನ ಬದಲಾವಣೆಯ ಬಗ್ಗೆ ಸರ್ಕಾರವನ್ನು ಕೇಳಬೇಕು ಎಂದಾಗ ಹೊಸಬರು ಪರಿಸರ ಸಚಿವಾಲಯಕ್ಕೆ ಒಂದು ದೊಡ್ಡ ಪ್ರಶ್ನೆ ಬರೆಯುತ್ತಾರೆ: 'ಹವಾಮಾನ ಬದಲಾವಣೆ ತಡೆಯಲು ಸರ್ಕಾರ ಕೈಗೊಂಡ ಕ್ರಮಗಳೇನು?' ಉತ್ತರ ಏನು ಬರುತ್ತದೆಂದು ಪ್ರಶ್ನೆ ಕಳಿಸುವ ಮೊದಲೇ ಹೇಳಿಬಿಡಬಹುದು. 2008ರ ರಾಷ್ಟ್ರೀಯ ಕ್ರಿಯಾ ಯೋಜನೆ, ಅದರಡಿಯ ಮಿಷನ್‌ಗಳು, 2005ಕ್ಕೆ ಹೋಲಿಸಿ 2030ರೊಳಗೆ ಜಿಡಿಪಿಯ ಹೊರಸೂಸುವಿಕೆ ತೀವ್ರತೆಯನ್ನು (ಪ್ರತಿ ರೂಪಾಯಿ ಉತ್ಪಾದನೆಗೆ ಹೊರಬೀಳುವ ಹಸಿರುಮನೆ ಅನಿಲ) ಶೇ 45ರಷ್ಟು ತಗ್ಗಿಸುವ ಗುರಿ, 2070ರ ನಿವ್ವಳ ಶೂನ್ಯ. ಎಲ್ಲವೂ ನಿಜ, ಯಾವುದೂ ಹೊಸದಲ್ಲ. ಪ್ರಶ್ನೆ ಕೇಳಿದ್ದಕ್ಕೆ ಸಿಕ್ಕಿದ್ದು ಎರಡು ಪುಟದ ಪಿಡಿಎಫ್, ಅಷ್ಟೇ.

ಹಾಗಾಗಿ ನಾನು ಹುಡುಕುವುದು ಹಣ ಎಲ್ಲಿ ನಿಂತಿದೆ, ಯಾವ ನಿಯಮದ ಯಾವ ಸಾಲಿನಿಂದ ನಿಂತಿದೆ ಎಂಬುದನ್ನು. ಬಿಸಿಗಾಳಿ ಇದಕ್ಕೆ ಒಳ್ಳೆಯ ಉದಾಹರಣೆ. ವಿಪತ್ತು ಪರಿಹಾರಕ್ಕಾಗಿ ಕೇಂದ್ರ ಅಧಿಸೂಚಿಸಿದ ವಿಪತ್ತುಗಳು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. 2022-26ರ ಪರಿಹಾರ ಮಾನದಂಡದ ಅವಧಿಯಲ್ಲಿ ಈ ಪಟ್ಟಿಯಲ್ಲಿ ಬಿಸಿಗಾಳಿ ಇಲ್ಲ, ಸಿಡಿಲೂ ಇಲ್ಲ. ಪ್ರವಾಹದಲ್ಲಿ ಕೊಚ್ಚಿಹೋದವರ ಕುಟುಂಬಕ್ಕೆ ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಯಿಂದ 4 ಲಕ್ಷ ರೂಪಾಯಿ ಸಿಗುತ್ತದೆ. ಮೇ ತಿಂಗಳ ಬಿಸಿಲಿಗೆ ಹೊಲದಲ್ಲೇ ಕುಸಿದು ಸತ್ತವರಿಗೆ ಕೇಂದ್ರದ ಈ ಪಟ್ಟಿಯಡಿ ಅದು ಸಿಗುವುದಿಲ್ಲ.

ಈ ಪಟ್ಟಿ ಇರುವುದು ಗೃಹ ಸಚಿವಾಲಯದ ಕೈಯಲ್ಲಿ, ಪರಿಸರ ಸಚಿವಾಲಯದ್ದಲ್ಲ. ಲೋಕಸಭೆಯಲ್ಲಿ ಪ್ರತಿ ಸಚಿವಾಲಯಕ್ಕೂ ವಾರದ ಒಂದು ದಿನ ನಿಗದಿಯಾಗಿರುತ್ತದೆ. ಗೃಹ ಸಚಿವಾಲಯದ್ದು ಮಂಗಳವಾರ. ಕನಿಷ್ಠ 15 ಪೂರ್ಣ ದಿನಗಳ ಮುಂಚೆ ಸೂಚನೆ ತಲುಪಬೇಕು. ಒಬ್ಬ ಸದಸ್ಯರ ಹೆಸರಿನಲ್ಲಿ ಒಂದು ದಿನದ ಪಟ್ಟಿಗೆ ಬರುವುದು ಹೆಚ್ಚೆಂದರೆ ಐದು ಪ್ರಶ್ನೆ, ಅದರಲ್ಲಿ ಚುಕ್ಕೆ ಗುರುತಿನದು, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಕೋರುವುದು, ಒಂದೇ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದವು. ಯಾರದು ಮೊದಲು ಎಂಬುದು ಬ್ಯಾಲೆಟ್‌ನಲ್ಲಿ, ಅಂದರೆ ಚೀಟಿ ಎತ್ತುವಂಥ ಆಯ್ಕೆಯಲ್ಲಿ, ತೀರ್ಮಾನ. ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಮೊದಲ ನಾಲ್ಕೈದು ಪ್ರಶ್ನೆಗಳಿಗೆ ಮಾತ್ರ, ಉಳಿದ ಚುಕ್ಕೆ ಗುರುತಿನವಕ್ಕೂ ಲಿಖಿತ ಉತ್ತರವೇ ಗತಿ. ಆದ್ದರಿಂದ ಪ್ರಶ್ನೆಯನ್ನು ಲಿಖಿತ ಉತ್ತರಕ್ಕೇ ತಕ್ಕಂತೆ ಬರೆಯುವುದು ಜಾಣತನ. ಬ್ಯಾಲೆಟ್‌ನಲ್ಲಿ ಮೇಲೆ ಬಂದರೆ ಅದು ಲಾಭ.

ಪ್ರಶ್ನೆ 150 ಪದ ಮೀರಬಾರದು. ಅಭಿಪ್ರಾಯ ಕೇಳುವಂತಿಲ್ಲ, ವಾದ ಇರುವಂತಿಲ್ಲ, ವ್ಯಂಗ್ಯವಂತೂ ಸಲ್ಲದು. ಮೂಲತಃ ರಾಜ್ಯ ಸರ್ಕಾರಕ್ಕೆ ಸೇರಿದ ವಿಷಯವಾದರೆ ತಿರಸ್ಕೃತ. ಸಾರ್ವಜನಿಕವಾಗಿ ಸಿಗುವ ದಾಖಲೆಯಲ್ಲೇ ಇರುವ ಮಾಹಿತಿ ಕೇಳಿದರೂ ತಿರಸ್ಕೃತ. 'ಸರ್ಕಾರ ಏಕೆ ನಿರ್ಲಕ್ಷಿಸುತ್ತಿದೆ' ಎಂಬ ಒಂದು ಮಾತು ಸಾಕು, ಇಡೀ ಪ್ರಶ್ನೆ ಬಿದ್ದುಹೋಗಲು. ಸಿಟ್ಟನ್ನು, ಸಚಿವರ ಬಾಯಿಮಾತಿನ ಉತ್ತರದ ಬೆನ್ನಿಗೆ ಕೇಳುವ ಉಪಪ್ರಶ್ನೆಗೆ ಉಳಿಸಿಕೊಳ್ಳಬೇಕು.

ನಾನು ಬರೆಯುವ ಮಾದರಿ ಹೀಗಿರುತ್ತದೆ:

(ಎ) ಬಿಸಿಗಾಳಿಯನ್ನು ಅಧಿಸೂಚಿತ ವಿಪತ್ತುಗಳ ಪಟ್ಟಿಗೆ ಸೇರಿಸುವಂತೆ ಕಳೆದ ಐದು ವರ್ಷಗಳಲ್ಲಿ ಯಾವ ಯಾವ ರಾಜ್ಯಗಳಿಂದ ಮನವಿ ಬಂದಿದೆ, ದಿನಾಂಕವಾರು ವಿವರ;
(ಬಿ) ಪ್ರತಿ ಮನವಿಯ ಮೇಲೆ ಕೈಗೊಂಡ ನಿರ್ಧಾರ ಮತ್ತು ಅದರ ದಿನಾಂಕ;
(ಸಿ) ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಯಲ್ಲಿ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದಾದ ಶೇ 10ರ ಮಿತಿಯಲ್ಲಿ ಬಿಸಿಗಾಳಿಗೆ ಖರ್ಚಾದ ಮೊತ್ತ, ರಾಜ್ಯವಾರು, ವರ್ಷವಾರು;
(ಡಿ) ರಾಜ್ಯ ವಿಪತ್ತು ಉಪಶಮನ ನಿಧಿಯಿಂದ ಬಿಸಿಗಾಳಿ ಸಂಬಂಧಿತ ಕಾಮಗಾರಿಗಳಿಗೆ ಬಳಕೆಯಾದ ಮೊತ್ತ.

ಗಮನಿಸಿ, ಇಲ್ಲಿ 'ಏಕೆ' ಇಲ್ಲ. ಎಲ್ಲವೂ ಯಾರು, ಯಾವಾಗ, ಎಷ್ಟು. 'ರಾಜ್ಯ ವಿಪತ್ತು ಉಪಶಮನ ನಿಧಿ' (ವಿಪತ್ತಿನ ಹಾನಿಯನ್ನು ಮೊದಲೇ ತಗ್ಗಿಸುವ ಕೆಲಸಗಳ ನಿಧಿ) ಎಂದು ಗೃಹ ಸಚಿವಾಲಯದ್ದೇ ಪದ ಹಾಕಿರುವುದಕ್ಕೂ ಕಾರಣವಿದೆ. 'ಹವಾಮಾನ' ಎಂಬ ಪದ ಮೊದಲ ಸಾಲಿನಲ್ಲಿದ್ದರೆ ಪ್ರಶ್ನೆ ಬೇರೆ ಸಚಿವಾಲಯಕ್ಕೆ ವರ್ಗವಾಗುವ ಸಂಭವ ಹೆಚ್ಚು. ಆಗ ದಿನವೂ ಬದಲಾಗುತ್ತದೆ, ಉತ್ತರವೂ ಆ ಹಳೆಯ ಎರಡು ಪುಟ.

ಪಟ್ಟಿಗೆ ಸೇರಿಸಿ ಎಂದಾಗಲೆಲ್ಲ ಗೃಹ ಸಚಿವಾಲಯ ತೋರಿಸುವ ಗುರಾಣಿ 15ನೇ ಹಣಕಾಸು ಆಯೋಗದ ವರದಿಯ 8.143ನೇ ಕಂಡಿಕೆ: ಈಗಿನ ಪಟ್ಟಿ ರಾಜ್ಯಗಳ ಅಗತ್ಯವನ್ನು ಬಹುಮಟ್ಟಿಗೆ ಪೂರೈಸುತ್ತದೆ, ವಿಸ್ತರಿಸುವ ಕೋರಿಕೆಯಲ್ಲಿ ಹೆಚ್ಚಿನ ಹುರುಳಿಲ್ಲ ಎಂದು. ಅದರ ಬೆನ್ನಿಗೇ, ರಾಜ್ಯಗಳು ಬೇಕಾದರೆ ಪ್ರತಿಕ್ರಿಯೆ ನಿಧಿಯ ಶೇ 10ರವರೆಗೆ ತಮ್ಮ ಸ್ಥಳೀಯ ವಿಪತ್ತುಗಳಿಗೆ ಬಳಸಿಕೊಳ್ಳಬಹುದು ಎಂಬ ಸಾಲು. ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯ ಮಟ್ಟದ ವಿಪತ್ತೆಂದು ಘೋಷಿಸಿದ್ದು ಈ ದಾರಿಯಲ್ಲೇ. ಈ ಕಂಡಿಕೆಯನ್ನು ಉತ್ತರದಲ್ಲಿ ಓದಿ ಬೆಚ್ಚುವ ಬದಲು ಮೊದಲೇ ಗೊತ್ತಿದ್ದರೆ, ಉಪಪ್ರಶ್ನೆ ಅದರ ಆಚೆಯಿಂದ ಶುರುವಾಗುತ್ತದೆ: ಆ ಶೇ 10 ಇತರ ಎಲ್ಲ ಸ್ಥಳೀಯ ವಿಪತ್ತುಗಳಿಗೂ ಸೇರಿದ ಮಿತಿ ಅಲ್ಲವೇ? ಬಿಸಿಗಾಳಿಗೆಂದು ಪ್ರತ್ಯೇಕ ಹಣ ಒಂದು ರೂಪಾಯಿಯಾದರೂ ಇದೆಯೇ?

ಉಪಪ್ರಶ್ನೆಗೆ ಎರಡು ಅವಕಾಶ. ಒಂದನ್ನು ಹಣದ ಮೇಲೆ ಇಟ್ಟರೆ ಇನ್ನೊಂದನ್ನು ಬಿಸಿಗಾಳಿಯ ಅಳತೆಗೋಲಿನ ಮೇಲೆ ಇಡುವುದು ಒಳ್ಳೆಯದು. ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಕರಾವಳಿಗೆ ಆರಂಭದ ಮಿತಿ 37 ಡಿಗ್ರಿ. ಅಥವಾ ವಾಡಿಕೆ ಏನೇ ಇರಲಿ, 45 ಮುಟ್ಟಬೇಕು. ಬೇಸಿಗೆಯ ವಾಡಿಕೆಯೇ 40ರ ಆಸುಪಾಸು ಇರುವ ರಾಯಚೂರು, ಕಲಬುರಗಿಯಲ್ಲಿ 43 ಡಿಗ್ರಿಯ ದಿನವೂ ಈ ಲೆಕ್ಕದಲ್ಲಿ ಬಿಸಿಗಾಳಿ ಅಲ್ಲ. ಮಂಗಳೂರಿನಲ್ಲಿ 36 ಡಿಗ್ರಿಗೆ ತೇವಾಂಶ ಸೇರಿ ಮೈಯೆಲ್ಲ ಬೆವರಿ ತೊಪ್ಪೆಯಾದರೂ ಅಲ್ಲ, ಏಕೆಂದರೆ ಈ ಅಳತೆಗೋಲಿನಲ್ಲಿ ತೇವಾಂಶಕ್ಕೆ ಜಾಗವಿಲ್ಲ. ಪಟ್ಟಿಗೆ ಸೇರಿದರೂ ಅಳತೆಗೋಲು ಹೀಗೇ ಉಳಿದರೆ ನಮ್ಮ ಕೂಲಿಕಾರರಿಗೆ ಪ್ರಯೋಜನ ಅಷ್ಟಕ್ಕಷ್ಟೇ ಎಂಬುದು ನನ್ನ ಅನುಮಾನ. ಇದನ್ನು ಭೂ ವಿಜ್ಞಾನ ಸಚಿವಾಲಯಕ್ಕೆ ಪ್ರತ್ಯೇಕ ಪ್ರಶ್ನೆಯಾಗಿಯೂ ಹಾಕಬೇಕು.

ಸಾವಿನ ಅಂಕಿಯಲ್ಲಿ ಎಡವುವುದು ಸುಲಭ. ಆರೋಗ್ಯ ಸಚಿವಾಲಯದ ನಿಗಾ ವ್ಯವಸ್ಥೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಹವಾಮಾನ ಇಲಾಖೆ ಮೂರೂ ಲೆಕ್ಕ ಇಡುತ್ತವೆ, ಮೂರೂ ತಾಳೆಯಾಗುವುದಿಲ್ಲ. ಆಸ್ಪತ್ರೆಗೆ ಬಂದು ಗುರುತಾದವರದು ಒಂದು ಲೆಕ್ಕ, ಪೊಲೀಸ್ ದಾಖಲೆಯಿಂದ ಬಂದದ್ದು ಇನ್ನೊಂದು. ಸದನದಲ್ಲಿ ಸಂಸದರು ಒಂದು ಅಂಕಿ ಹೇಳಿ, ಸಚಿವರು ಇನ್ನೊಂದು ಓದಿದರೆ ಚರ್ಚೆ ಅಲ್ಲಿಗೇ ಕೆಡುತ್ತದೆ. ಒಂದೇ ಅಂಕಿಯನ್ನು ನೆಚ್ಚದೆ, ಮೂರು ಸಚಿವಾಲಯಕ್ಕೂ ಒಂದೇ ವರ್ಷದ, ಒಂದೇ ರಾಜ್ಯದ ಸಾವಿನ ಸಂಖ್ಯೆ ಕೇಳಿ, ಬಂದ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಮುಂದಿನ ಅಧಿವೇಶನದಲ್ಲಿ ಬಳಸುವುದು ನನ್ನ ಪದ್ಧತಿ. ಸರ್ಕಾರದ್ದೇ ಮೂರು ಉತ್ತರಗಳ ನಡುವಿನ ಅಂತರಕ್ಕೆ ಸರ್ಕಾರವೇ ಕಾರಣ ಹೇಳಬೇಕಾಗುತ್ತದೆ.

ಶೂನ್ಯ ವೇಳೆಯಲ್ಲಿ ಮೈಕು ಸಿಗುವುದು ಒಂದೆರಡು ನಿಮಿಷ. ಕ್ಷೇತ್ರದ ಜನ ಆ ವಿಡಿಯೊ ನೋಡುತ್ತಾರೆ, ಸಚಿವಾಲಯ ನೋಡುವ ಖಾತ್ರಿಯಿಲ್ಲ. ಉತ್ತರ ಬೇಕಿದ್ದರೆ, ಸಾರ್ವಜನಿಕ ಮಹತ್ವದ ವಿಷಯವನ್ನು ಚಿಕ್ಕ ಪಠ್ಯವಾಗಿ ಸದನದ ಮುಂದಿಡುವ ನಿಯಮ 377 ಮೇಲು. ಪಠ್ಯ ಚಿಕ್ಕದು, ಆದರೆ ಸಚಿವರಿಂದ ಲಿಖಿತ ಪ್ರತಿಕ್ರಿಯೆ ಬರುತ್ತದೆ. ಕನ್ನಡದಲ್ಲಿ ಮಾತಾಡುವ ಸಂಸದರಾದರೆ ಮೊದಲೇ ತಿಳಿಸಿ, ಅಂಕಿಗಳನ್ನು ಬಿಡಿಸಿ ಹೇಳುವಂತೆ ಟಿಪ್ಪಣಿಯಲ್ಲೇ ಬರೆದಿಡಿ. ಅವಸರದಲ್ಲಿ ಹೇಳಿದ ಅಂಕಿ ಅನುವಾದಕರ ಕಿವಿಯಿಂದ ತಪ್ಪಿಹೋಗುತ್ತದೆ.

ವಿಸ್ತಾರವಾದ ಚರ್ಚೆಗೆ ನಿಯಮ 193 ಇದೆ. ಸೂಚನೆಗೆ ಇನ್ನಿಬ್ಬರು ಸದಸ್ಯರ ಸಹಿ ಬೇಕು, ನಿರ್ಣಯವಿಲ್ಲ, ಮತದಾನವಿಲ್ಲ. 2021ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಹವಾಮಾನ ಬದಲಾವಣೆಯ ಚರ್ಚೆ ನಡೆದದ್ದು ಈ ನಿಯಮದಡಿ, ಆರಂಭಿಸಿದವರು ವಿರೋಧ ಪಕ್ಷದಲ್ಲಿದ್ದ ಡಿಎಂಕೆಯ ಕನಿಮೊಳಿ. ಇಂಥ ಭಾಷಣದಲ್ಲಿ 2024ರ ಮಾರ್ಚ್ 21ರ ಸುಪ್ರೀಂ ಕೋರ್ಟ್ ತೀರ್ಪನ್ನು ಈಗ ಧಾರಾಳವಾಗಿ ಬಳಸಬಹುದು. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಸಂರಕ್ಷಣೆಯ ಆ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿಯ ಹಕ್ಕು ಎಂದು ಕೋರ್ಟ್ ಹೇಳಿದೆ.

ಸಚಿವರಲ್ಲದ ಸಂಸದರು ಮಂಡಿಸುವ ಖಾಸಗಿ ಮಸೂದೆಯ ಮೇಲೆ ನನಗೆ ಅಷ್ಟು ಆಸೆಯಿಲ್ಲ. ಸಂಸತ್ತಿನಲ್ಲಿ 1970ರಿಂದೀಚೆಗೆ ಒಂದು ಖಾಸಗಿ ಮಸೂದೆಯೂ ಕಾನೂನಾಗಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾಗಲಿ ಎಂದಿದ್ದರೆ ಮಂಡಿಸಬಹುದು.

ಬಜೆಟ್ ಅಧಿವೇಶನದಲ್ಲಿ ಸಚಿವಾಲಯ ಕೇಳಿದ ಹಣದಲ್ಲಿ 100 ರೂಪಾಯಿ ಕಡಿಮೆ ಮಾಡಿ ಎಂಬ ಸಾಂಕೇತಿಕ ಕಡಿತ ಸೂಚನೆ ಕೊಡಬಹುದು, ಆದರೆ ಪರಿಸರ ಸಚಿವಾಲಯದ ಬೇಡಿಕೆಗಳು ಸಾಮಾನ್ಯವಾಗಿ ಚರ್ಚೆಯಿಲ್ಲದೆ ಗಿಲೊಟಿನ್‌ನಲ್ಲಿ (ಸಮಯ ಮುಗಿದಾಗ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವುದು) ಮುಗಿದುಹೋಗುತ್ತವೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಹವಾಮಾನ ಬದಲಾವಣೆ ಹೊಂದಾಣಿಕೆ ನಿಧಿಯಲ್ಲಿ 27 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 30 ಯೋಜನೆಗಳಿಗೆ ಮಂಜೂರಾತಿ ಸಿಕ್ಕಿತ್ತು, ನಮ್ಮ ನಾಟಿ ದನ-ಕುರಿ ತಳಿಗಳ ಸಂರಕ್ಷಣೆಯದೂ ಅದರಲ್ಲೊಂದು. 2022ರ ನವೆಂಬರ್‌ನಲ್ಲಿ ಆ ನಿಧಿ ಯೋಜನೆಯ ಸ್ಥಾನವನ್ನೇ ಕಳೆದುಕೊಂಡಿತು. ಇಂಥದ್ದನ್ನು ಕೆದಕಲು ಸದನಕ್ಕಿಂತ ಇಲಾಖಾ ಸ್ಥಾಯಿ ಸಮಿತಿ ವಾಸಿ. ಅಲ್ಲಿ ಕ್ಯಾಮೆರಾ ಇಲ್ಲ, ಅಧಿಕಾರಿಗಳು ಎದುರಿಗೇ ಕೂತಿರುತ್ತಾರೆ, ಶಿಫಾರಸಿನ ಮೇಲೆ ಏನು ಮಾಡಿದೆವೆಂದು ಸರ್ಕಾರ ಲಿಖಿತವಾಗಿ ತಿಳಿಸಬೇಕು.

ಉತ್ತರ ಬಂದ ಮೇಲಿನ ಕೆಲಸವನ್ನೇ ಬಹಳಷ್ಟು ಕಚೇರಿಗಳು ಬಿಟ್ಟುಬಿಡುತ್ತವೆ. 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಿ ಸದನದ ಮೇಜಿನ ಮೇಲೆ ಇಡಲಾಗುವುದು' ಎಂಬ ಮಾತುಗಳು ನಿಯಮದ ಪ್ರಕಾರ ಭರವಸೆಗಳು. ಅವುಗಳನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಸರ್ಕಾರಿ ಭರವಸೆಗಳ ಸಮಿತಿಯಿಂದ ಹೆಚ್ಚುವರಿ ಸಮಯ ಕೇಳಬೇಕು. ಆದ್ದರಿಂದ ಪ್ರತಿ ಉತ್ತರದಲ್ಲೂ ಇಂಥ ಸಾಲು ಕಂಡರೆ ಪ್ರಶ್ನೆ ಸಂಖ್ಯೆ, ದಿನಾಂಕ, ಮೂರು ತಿಂಗಳು ತುಂಬುವ ದಿನ ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆ ದಿನ ದಾಟಿದರೆ ಸಂಸದರ ಸಹಿಯೊಂದಿಗೆ ಸಮಿತಿಗೆ ಒಂದು ಪತ್ರ. ಪತ್ರಕ್ಕೆ ಉತ್ತರದ ಪ್ರತಿ ಲಗತ್ತಿಸಿ, ಭರವಸೆಯ ಸಾಲಿನ ಕೆಳಗೆ ಗೆರೆ ಎಳೆದಿರಬೇಕು.