ಒಂದೇ ಪ್ರಿಂಟರ್, ಎಲ್ಲರ ಕಂಪ್ಯೂಟರ್‌ನಿಂದ ಪ್ರಿಂಟ್

ಆಡಿಟರ್ ಕಚೇರಿಗೆ ಹೋಗಿ, ಜೆರಾಕ್ಸ್ ಅಂಗಡಿಗೆ ಹೋಗಿ, ಮೂಲೆಯಲ್ಲೊಂದು ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕಂಡರೆ ಅಚ್ಚರಿಯಿಲ್ಲ. ಗಟ್ಟಿ ಯಂತ್ರ. ಆದರೆ ಅದಕ್ಕಿರುವುದು ಯುಎಸ್‌ಬಿ ಕೇಬಲ್ ಮಾತ್ರ. ವೈಫೈ ಇಲ್ಲ, ಲ್ಯಾನ್ ಇಲ್ಲ. ಹೀಗಾಗಿ ಉಳಿದವರೆಲ್ಲ ಪೆನ್‌ಡ್ರೈವ್ ಹಿಡಿದು ಆ ಒಂದು ಕಂಪ್ಯೂಟರ್ ಹತ್ತಿರ ಹೋಗಬೇಕು. ಅದರಲ್ಲಿ ನುಡಿ ಫಾಂಟ್ ಇಲ್ಲದಿದ್ದರಂತೂ ಟೈಪ್ ಮಾಡಿದ ಕನ್ನಡ ಅರ್ಜಿ ಅರ್ಥವಿಲ್ಲದ ಚಿಹ್ನೆಗಳಾಗಿ ಹೊರಬರುತ್ತದೆ. ಪ್ರಿಂಟರ್ ಶೇರ್ ಮಾಡಿಕೊಂಡರೆ ಈ ತಾಪತ್ರಯವಿಲ್ಲ: ಪುಟ ನಿಮ್ಮ ಕಂಪ್ಯೂಟರಿನಲ್ಲೇ, ನಿಮ್ಮ ಫಾಂಟ್‌ನಲ್ಲೇ ಸಿದ್ಧವಾಗಿ ಪ್ರಿಂಟರಿಗೆ ಹೋಗುತ್ತದೆ.

ಮೊದಲು ಪ್ರಿಂಟರ್ ಜೋಡಿಸಿರುವ ಕಂಪ್ಯೂಟರ್ ಮುಂದೆ ಕೂರಿ. ವಿಂಡೋಸ್ 11 ಆಗಿದ್ದರೆ ಸೆಟ್ಟಿಂಗ್ಸ್‌ನ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್'ನಲ್ಲಿ ನಿಮ್ಮ ಸಂಪರ್ಕ 'ಪ್ರೈವೇಟ್' ಎಂದಿದೆಯೇ ನೋಡಿ. 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ, ಇಲ್ಲದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಶೇರಿಂಗ್ ತಡೆಯುತ್ತದೆ. ಅಲ್ಲೇ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್' ಹುಡುಕಿ, 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಆನ್ ಮಾಡಿ.

ಬಳಿಕ 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್'ನಲ್ಲಿ ನಿಮ್ಮ ಪ್ರಿಂಟರ್ ಆರಿಸಿ, 'ಪ್ರಿಂಟರ್ ಪ್ರಾಪರ್ಟೀಸ್' ತೆರೆದು, 'ಶೇರಿಂಗ್' ಟ್ಯಾಬ್‌ನಲ್ಲಿ 'ಶೇರ್ ದಿಸ್ ಪ್ರಿಂಟರ್'ಗೆ ಟಿಕ್ ಹಾಕಿ. ಹೆಸರು ಚಿಕ್ಕದಾಗಿರಲಿ, ನಡುವೆ ಖಾಲಿ ಜಾಗ ಬೇಡ. ಈ ಕಂಪ್ಯೂಟರ್ ನಿದ್ದೆಗೆ ಜಾರಿದರೆ ಯಾರಿಗೂ ಪ್ರಿಂಟ್ ಬರುವುದಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು 'ನೆವರ್' ಮಾಡಿಬಿಡಿ.

ಇನ್ನು ಎರಡನೇ ಕಂಪ್ಯೂಟರ್. ಪ್ರಿಂಟರಿನ ಡ್ರೈವರನ್ನು (ಅದನ್ನು ನಡೆಸುವ ಸಾಫ್ಟ್‌ವೇರ್) ಇದರಲ್ಲೂ ಮೊದಲೇ ಹಾಕಿಡುವುದು ಜಾಣತನ. 2021ರ ಆಗಸ್ಟ್‌ನ ಅಪ್‌ಡೇಟ್ ಬಂದ ಮೇಲೆ, ನೆಟ್‌ವರ್ಕ್ ಮೂಲಕ ಡ್ರೈವರ್ ತರಿಸಿಕೊಳ್ಳಲು ವಿಂಡೋಸ್ ಅಡ್ಮಿನ್ ಅನುಮತಿ ಕೇಳುತ್ತದೆ. ನಂತರ ವಿಂಡೋಸ್ ಕೀ ಜೊತೆ 'ಆರ್' ಒತ್ತಿ, \\ ಹಾಕಿ ಮೊದಲ ಕಂಪ್ಯೂಟರಿನ ಹೆಸರು ಬರೆದು ಎಂಟರ್ ಕೊಡಿ. ಕಾಣುವ ಪ್ರಿಂಟರ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಆಯಿತು.

ಪಾಸ್‌ವರ್ಡ್ ಕೇಳಿದಾಗ ಬಹಳ ಮಂದಿ ಎಡವುತ್ತಾರೆ. ದಿನಾ ಲಾಗಿನ್‌ಗೆ ಒತ್ತುವ ನಾಲ್ಕಂಕಿ ಪಿನ್ ಇಲ್ಲಿ ನಡೆಯದು, ಮೊದಲ ಕಂಪ್ಯೂಟರಿನ ಅಕೌಂಟ್ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಅಕೌಂಟನ್ನು ವಿಂಡೋಸ್ ನೆಟ್‌ವರ್ಕ್‌ನಲ್ಲಿ ಒಳಗೆ ಬಿಡುವುದಿಲ್ಲ. 0x0000011b ಎಂಬ ದೋಷ ಬಂದರೆ ಎರಡೂ ಕಡೆ ವಿಂಡೋಸ್ ಅಪ್‌ಡೇಟ್ ಮಾಡಿ. ರಿಜಿಸ್ಟ್ರಿ, ಅಂದರೆ ವಿಂಡೋಸ್ ಒಳಗಿನ ಸೆಟ್ಟಿಂಗ್‌ಗಳ ಕಡತ, ತಿದ್ದುವ ಉಪಾಯ ಯೂಟ್ಯೂಬ್ ತುಂಬ ಸಿಗುತ್ತದೆ, ಆದರೆ ಅದು ಭದ್ರತೆಯ ಬಾಗಿಲಿನ ಚಿಲಕ ತೆಗೆದ ಹಾಗೆ, ನಾನಂತೂ ಹೇಳುವುದಿಲ್ಲ.

ಹೊಸದಾಗಿ ಕೊಳ್ಳುವವರು ವೈಫೈ ಇರುವುದನ್ನೇ ಕೊಳ್ಳಿ. ಆಗ ಯಾವ ಕಂಪ್ಯೂಟರೂ ಆನ್ ಇರಬೇಕಾಗಿಲ್ಲ, ಫೋನಿನಿಂದಲೂ ಪ್ರಿಂಟ್ ಕೊಡಬಹುದು. ಜೋಡಿಸುವಾಗ ರೂಟರಿನ 2.4 ಗಿಗಾಹರ್ಟ್ಸ್ ವೈಫೈ ಆರಿಸಿ. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಗೆಸ್ಟ್ ವೈಫೈಗೆ ಮಾತ್ರ ಸೇರಿಸಬೇಡಿ. ಸಾಮಾನ್ಯವಾಗಿ ಅದರಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ತಡೆ ಇರುತ್ತದೆ.

ನಿನ್ನೆಯವರೆಗೆ ಸರಿಯಿದ್ದ ವೈಫೈ ಪ್ರಿಂಟರ್ ಇವತ್ತು 'ಆಫ್‌ಲೈನ್' ಎನ್ನುತ್ತಿದೆಯೇ? ಕರೆಂಟ್ ಹೋಗಿ ಬಂದಿತ್ತೇ ಎಂದು ಮೊದಲು ಕೇಳಿಕೊಳ್ಳಿ. ರೂಟರ್ ಮತ್ತೆ ಆನ್ ಆದಾಗ ಪ್ರಿಂಟರಿಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕೊಟ್ಟಿರಬಹುದು. ನಿನ್ನೆ 192.168.1.5 ಇದ್ದದ್ದು ಇವತ್ತು 192.168.1.8 ಆಗಿದ್ದರೂ ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಬ್ರೌಸರ್‌ನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ 'ಡಿಎಚ್‌ಸಿಪಿ ರಿಸರ್ವೇಶನ್' ಅಥವಾ 'ಅಡ್ರೆಸ್ ರಿಸರ್ವೇಶನ್' ಎಂಬಲ್ಲಿ ಪ್ರಿಂಟರಿಗೆ ಒಂದು ಕಾಯಂ ವಿಳಾಸ ಬರೆದಿಟ್ಟು, ಆ ವಿಳಾಸದಿಂದಲೇ ಕಂಪ್ಯೂಟರಿಗೆ ಪ್ರಿಂಟರನ್ನು ಮತ್ತೊಮ್ಮೆ ಸೇರಿಸಿ. ಹತ್ತು ನಿಮಿಷದ ಕೆಲಸ.

ಯುಪಿಎಸ್ ಇದ್ದರೆ ರೂಟರ್ ಅದರ ಮೇಲಿರಲಿ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ: ಟೋನರ್ ಕರಗಿಸುವ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟು ಸಣ್ಣ ಯುಪಿಎಸ್‌ಗೆ ತಡೆಯದು.