ರಿಪೇರಿ ಮುಗಿಯುವವರೆಗೆ ಹಾಯಿದೋಣಿಯಲ್ಲಿ ಮಾಡಿಕೊಳ್ಳಬೇಕಾದ ಕೆಲಸಗಳು

ಬಿಡಿಭಾಗ ಇನ್ನೂ ಬಂದಿಲ್ಲ, ಅಥವಾ ಫೈಬರ್ ಕೆಲಸದವರಿಗೆ ಬಿಡುವಿಲ್ಲ. ದೋಣಿ ದಡದಲ್ಲಿ ಸ್ಟ್ಯಾಂಡ್ ಮೇಲೆ ನಿಂತಿದೆ. ಈ ದಿನಗಳನ್ನು ಸುಮ್ಮನೆ ಕಳೆದರೆ ರಿಪೇರಿ ಮುಗಿದ ಮೇಲೂ ನೀರಿಗಿಳಿಯುವುದು ತಡವಾಗುತ್ತದೆ. ಮೊದಲು ರಿಪೇರಿಯವರು ಎಲ್ಲೆಲ್ಲಿ ಕೈ ಹಾಕುತ್ತಾರೆಂದು ಕೇಳಿ ಬರೆದುಕೊಳ್ಳಿ. ಆ ಜಾಗಗಳನ್ನು ಮುಟ್ಟಬೇಡಿ, ಉಳಿದದ್ದನ್ನು ಈಗಲೇ ಶುರು ಮಾಡಿ. ತಳದಲ್ಲಿ ಉಜ್ಜುವ ಕೆಲಸ ಬಾಕಿ ಇರುವಾಗ ಆಂಟಿಫೌಲಿಂಗ್ ಬಣ್ಣ (ತಳಕ್ಕೆ ಪಾಚಿ, ಚಿಪ್ಪುಜೀವಿ ಅಂಟದಂತೆ ತಡೆಯುವ ಬಣ್ಣ) ಹಚ್ಚಿದರೆ ಅಷ್ಟೂ ವ್ಯರ್ಥ. ಅಲ್ಲದೆ ಹಲವು ಬಣ್ಣಗಳಿಗೆ ಹಚ್ಚಿದ ಮೇಲೆ ಇಂತಿಷ್ಟು ದಿನದೊಳಗೆ ದೋಣಿ ನೀರಿಗಿಳಿಯಬೇಕೆಂಬ ಗಡುವಿರುತ್ತದೆ. ಅದನ್ನು ಡಬ್ಬದ ಮೇಲೆಯೇ ಬರೆದಿರುತ್ತಾರೆ.

ಕಾಯುವ ದಿನಗಳಿಗೆ ವಿಂಚನ್ನು, ಅಂದರೆ ಹಾಯಿಯ ಹಗ್ಗ ಸುತ್ತಿ ಎಳೆಯುವ ಡ್ರಮ್ಮಿನ ಯಂತ್ರವನ್ನು, ಬಿಚ್ಚಿ ಶುಚಿ ಮಾಡುವುದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ವಿಂಚ್‌ನಷ್ಟೇ ಅಗಲದ ತೂತು ಕೊರೆದು ಅದರ ಸುತ್ತ ಇಳಿಬಿಡಿ. ಹಾರುವ ಸ್ಪ್ರಿಂಗ್‌ಗಳು ಪೆಟ್ಟಿಗೆಯೊಳಗೇ ಬೀಳುತ್ತವೆ. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ, ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಗೇರ್ ಹಲ್ಲು ಮತ್ತು ರೋಲರ್ ಬೇರಿಂಗ್‌ಗೆ ವಿಂಚ್ ಗ್ರೀಸನ್ನು ತೆಳುವಾಗಿ ಸವರಿ. ಪಾಲ್‌ಗಳಿಗೆ, ಅಂದರೆ ಡ್ರಮ್ ಹಿಂದಕ್ಕೆ ತಿರುಗದಂತೆ ತಡೆಯುವ ಚಿಕ್ಕ ನಾಲಿಗೆಗಳಿಗೆ, ಗ್ರೀಸ್ ಬೇಡವೇ ಬೇಡ. ಒಂದೆರಡು ಹನಿ ತೆಳು ಎಣ್ಣೆ ಸಾಕು. ಗ್ರೀಸ್ ಗಟ್ಟಿಯಾದರೆ ಪಾಲ್ ಒಳಗೇ ಅಂಟಿಕೊಳ್ಳುತ್ತದೆ. ಆಗ ಹಾಯಿಯ ಭಾರ ಬಿದ್ದೊಡನೆ ಡ್ರಮ್ ಜಾರಿ, ಹ್ಯಾಂಡಲ್ ಹಿಂದಕ್ಕೆ ಸುತ್ತಿ ಕೈಮೂಳೆ ಮುರಿಯಬಹುದು. ಅಂಚು ದುಂಡಗಾದ ಪಾಲನ್ನೂ ಬಲ ಕಳೆದುಕೊಂಡ ಸ್ಪ್ರಿಂಗನ್ನೂ ಬದಲಿಸಿ. ಜೋಡಿಸಿ ಡ್ರಮ್ ತಿರುಗಿಸಿದಾಗ ಟಕ್ ಟಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಬೇಕು.

ಹಾಯಿಕಂಬ ಕೆಳಗಿಳಿದಿದ್ದರೆ ಅದೇ ಅದೃಷ್ಟ ಅನ್ನಿ; ತುದಿಯ ರಾಟೆಗಳು, ದೀಪದ ವೈರ್‌ಗಳು ಎಲ್ಲವೂ ನೆಲದ ಮೇಲೇ ಕೈಗೆ ಸಿಗುತ್ತವೆ. ಕಂಬವನ್ನು ಹಿಡಿದಿಡುವ ಸ್ಟೀಲ್ ತಂತಿಗಳನ್ನು ಟಿಶ್ಯೂ ಕಾಗದದಿಂದ ಉದ್ದಕ್ಕೂ ಒರೆಸಿ. ಎಲ್ಲಿ ಕಾಗದ ಸಿಕ್ಕಿ ಹರಿಯುತ್ತದೋ ಅಲ್ಲಿ ಎಳೆ ತುಂಡಾಗಿದೆ. ಒಂದೇ ಒಂದು ಎಳೆ ತುಂಡಾಗಿದ್ದರೂ ಆ ತಂತಿಯನ್ನು ನಂಬಬೇಡಿ, ಬದಲಿಸಿ. ಎಳೆ ತುಂಡಾಗುವುದು ಹೆಚ್ಚಾಗಿ ಕೆಳತುದಿಯ ಸ್ವೇಜ್ ಫಿಟ್ಟಿಂಗ್‌ನ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಕೊಳವೆ) ಬಾಯಲ್ಲಿ, ಏಕೆಂದರೆ ಉಪ್ಪುನೀರು ತಂತಿಯಗುಂಟ ಇಳಿದು ಅಲ್ಲೇ ನಿಲ್ಲುತ್ತದೆ. ಫಿಟ್ಟಿಂಗ್ ಮೇಲೆ ಕೂದಲೆಳೆಯ ಬಿರುಕಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ತಂತಿಯ ಬಿಗಿ ಹೊಂದಿಸುವ ತಿರುಪುಗಳಾದ ಟರ್ನ್‌ಬಕಲ್‌ಗಳನ್ನು ಬಿಚ್ಚುವ ಮುನ್ನ ಟೇಪ್ ಅಂಟಿಸಿ ಅಳತೆ ಗುರುತಿಸಿ, ತಿರುಪಿನ ಸುತ್ತುಗಳನ್ನು ತೊಳೆದು ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಹಚ್ಚಿ. ಅವು ಬಿಚ್ಚಿಕೊಳ್ಳದಂತೆ ತಡೆಯುವ ಎರಡು ಕಾಲಿನ ಸ್ಪ್ಲಿಟ್ ಪಿನ್ ಹಳೆಯದಾದರೆ ಮತ್ತೆ ಬಳಸಬೇಡಿ. ಹೊಸದರ ಕಾಲುಗಳನ್ನು ಸ್ವಲ್ಪವೇ ಅಗಲಿಸಿ. ಪೂರ್ತಿ ಮಡಚಿದರೆ ತುರ್ತಿನಲ್ಲಿ ಕೀಳಲಾಗದು.

ಹಾಯಿಗಳಲ್ಲಿ ಬಟ್ಟೆಗಿಂತ ಮೊದಲು ಸೋಲುವುದು ದಾರ. ಬಿಸಿಲು ಬೀಳುವ ಅಂಚಿನ ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಯಾಗಿ ಎದ್ದರೆ ಆ ಸಾಲನ್ನೇ ಮತ್ತೆ ಹೊಲಿಸಬೇಕು.

ನೀರಿನ ಮಟ್ಟಕ್ಕಿಂತ ಕೆಳಗಿನ ಸೀಕಾಕ್‌ಗಳನ್ನು (ದೋಣಿಯ ಮೈಯ ತೂತುಗಳಿಗೆ ಹಾಕಿದ ಕವಾಟಗಳು) ಒಂದೊಂದಾಗಿ ತೆರೆದು ಮುಚ್ಚಿ ನೋಡಿ. ಬಿಗಿಯಾಗಿದ್ದರೆ ಬಲ ಹಾಕದೆ ಬಿಚ್ಚಿ ಶುಚಿ ಮಾಡಿ. ಹಿತ್ತಾಳೆಯದನ್ನು ಮೆಲ್ಲಗೆ ಕೆರೆದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಅದರ ಸತು ಕರಗಿಹೋಗಿದೆ. ಅಂಥದ್ದು ಕೈಯಲ್ಲೇ ಮುರಿಯಬಹುದು. ಪ್ರತಿಯೊಂದರ ಪಕ್ಕದಲ್ಲೂ ಅಳತೆಗೆ ತಕ್ಕ ಮೆತ್ತನೆ ಮರದ ಬಿರಡೆ ಕಟ್ಟಿಡಿ. ಆನೋಡ್, ಅಂದರೆ ಉಳಿದ ಲೋಹಭಾಗಗಳ ಬದಲು ತಾನೇ ಸವೆಯುವ ಲೋಹದ ತುಂಡು, ಅರ್ಧ ಸವೆದಿದ್ದರೆ ಹೊಸದು ಹಾಕಿ: ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ. ಅದರ ಮೇಲೆ ಬಣ್ಣ ತಾಗಕೂಡದು, ತಾಗಿದರೆ ಅದು ಕೆಲಸವನ್ನೇ ಮಾಡುವುದಿಲ್ಲ.

ಎಂಜಿನ್ ರಿಪೇರಿಯಲ್ಲಿಲ್ಲದಿದ್ದರೆ ಅದನ್ನು ತಂಪಾಗಿಸುವ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಬದಲಿಸಿ. ಹಳೆಯದರ ರಬ್ಬರ್ ರೆಕ್ಕೆ ತುಂಡಾಗಿದ್ದರೆ ಆ ಚೂರನ್ನು ಹುಡುಕಿ ತೆಗೆಯಲೇಬೇಕು. ಅದು ಎಂಜಿನ್‌ನ ಬಿಸಿಯನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸಿಕ್ಕಿಕೊಂಡು ಹೊಸ ಇಂಪೆಲ್ಲರ್ ಇದ್ದರೂ ಎಂಜಿನ್ ಅತಿಯಾಗಿ ಬಿಸಿಯಾಗುವಂತೆ ಮಾಡುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದರೆ ಸುಮಾರು 12.7 ವೋಲ್ಟ್ ತೋರಿಸಬೇಕು. ಗಾಳಿ ತುಂಬುವ ಬಗೆಯ ಲೈಫ್ ಜಾಕೆಟ್‌ಗಳಿಗೆ ಕೈಪಂಪಿನಿಂದ ಗಾಳಿ ತುಂಬಿ 24 ಗಂಟೆ ಬಿಡಿ, ಮೆತ್ತಗಾದದ್ದನ್ನು ಬದಿಗಿಡಿ. ಜಾಕೆಟ್‌ನೊಳಗಿನ ಅನಿಲದ ಸಿಲಿಂಡರನ್ನು ತೂಗಿ ಅದರ ಮೇಲೆ ಅಚ್ಚಾದ ತೂಕಕ್ಕೆ ಹೋಲಿಸಿ.

ರಿಪೇರಿ ಮುಗಿದ ಮೇಲೆ ಉಳಿಯುವುದು ತಳದ ಬಣ್ಣ. ಹಳೆಯ ಪದರವನ್ನು ನೀರು ಹಾಕಿಯೇ ಉಜ್ಜಿ, ಒಣ ಧೂಳು ವಿಷ. ಸಾಮಾನ್ಯವಾಗಿ ಎರಡು ಕೋಟ್ ಸಾಕು. ನೀರಿನ ಗೆರೆ, ಕೀಲ್ (ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆ) ಮತ್ತು ಚುಕ್ಕಾಣಿಯ ಮುಂಅಂಚಿಗೆ ಮಾತ್ರ ಇನ್ನೊಂದು ಕೊಡಿ. ಇಳಿಸುವ ದಿನ ದೋಣಿ ನೀರು ಮುಟ್ಟಿದರೂ ಕ್ರೇನ್‌ನ ಪಟ್ಟಿಗಳನ್ನು ತಕ್ಷಣ ಬಿಡಿಸಬೇಡಿ. ಒಬ್ಬರು ಒಳಗಿಳಿದು ಪ್ರತಿ ಸೀಕಾಕ್, ಪ್ರೊಪೆಲ್ಲರ್ ಶಾಫ್ಟ್‌ನ ಸೀಲ್ ಮತ್ತು ರಿಪೇರಿಯಾದ ಜಾಗವನ್ನು ಟಾರ್ಚ್ ಹಾಕಿ, ಒಣ ಕಾಗದ ಒತ್ತಿ ನೋಡಲಿ. ಕಾಗದ ಒದ್ದೆಯಾದರೆ ಮೇಲೆತ್ತಿಸಿ, ಇಲ್ಲದಿದ್ದರೆ ಪಟ್ಟಿ ಬಿಡಿಸಲು ಹೇಳಿ.