ಪವರ್ ಇಳಿಸಿದ ಮೇಲೆ ಲಿಂಕ್ ಸರಿಯಾಯ್ತು: ಕಾರಟಗಿ ರೈಸ್ ಮಿಲ್‌ನ ಕೆಲಸ

ಕಾರಟಗಿ, ಗಂಗಾವತಿ ಕಡೆ ರೈಸ್ ಮಿಲ್ ಒಂದು ಕಡೆ, ಗೋಡೌನ್ ಇನ್ನೊಂದು ಕಡೆ ಇರೋದು ಮಾಮೂಲಿ. ಗೋಡೌನ್‌ನಲ್ಲಿ ಕ್ಯಾಮೆರಾ ಇರುತ್ತೆ, ನೋಡಬೇಕಾದವರು ಮಿಲ್ ಆಫೀಸಿನಲ್ಲಿ ಕೂತಿರುತ್ತಾರೆ. ನಡುವೆ ಗದ್ದೆ, ಉಪಕಾಲುವೆ, ಯಾರ್ಯಾರದೋ ಹೊಲ. ಫೈಬರ್ ಎಳೆಯೋದು ದೊಡ್ಡ ತಲೆನೋವು. ಅದಕ್ಕೇ ಎರಡೂ ಕಡೆ ಡಿಶ್ ಕೂರಿಸಿ 5 ಗಿಗಾಹರ್ಟ್ಸ್‌ನಲ್ಲಿ ತಂತಿ ಇಲ್ಲದ ಲಿಂಕ್ ಮಾಡಿಕೊಡುತ್ತೇನೆ, ಈ ಭಾಗದ ಕ್ಯಾಂಪು ಅನ್ನೋ ಊರುಗಳಲ್ಲಿ ನನಗೆ ಜಾಸ್ತಿ ಬರೋ ಕೆಲಸ ಇದೇ.

ಈ ಮಿಲ್‌ನಲ್ಲಿ ಲಿಂಕ್ ಆಗಲೇ ಇತ್ತು. ಬೇರೆ ಯಾರೋ ಹಾಕಿ ಹೋಗಿದ್ದರು. ಬೆಳಿಗ್ಗೆ ಚೆನ್ನಾಗಿರುತ್ತೆ, ಅಕ್ಕಪಕ್ಕದ ಮಿಲ್‌ಗಳ ಕೆಲಸ ಶುರುವಾಯ್ತು ಅಂದರೆ ವಿಡಿಯೊ ಒಡೆಯುತ್ತೆ. "ಇನ್ನೂ ಪವರ್ ಇರೋ ಡಿಶ್ ಹಾಕ್ರೀ" ಅಂದರು ಮಾಲೀಕರು. ರೇಡಿಯೊಗೆ ಲಾಗಿನ್ ಆಗಿ ನೋಡಿದೆ. ಪವರ್ 27 ಡಿಬಿಎಂ (ಸಿಗ್ನಲ್ ಬಲ ಅಳೆಯೋ ಲೆಕ್ಕ), ಚಾನೆಲ್ ಅಗಲ, ಅಂದರೆ ಲಿಂಕ್ ಹಿಡಿಯೋ ಜಾಗ, 80 ಮೆಗಾಹರ್ಟ್ಸ್, ದೇಶ ಅನ್ನೋ ಜಾಗದಲ್ಲಿ ಇಂಡಿಯಾ ಬಿಟ್ಟು ಬೇರೇನೋ.

ನಮ್ಮಲ್ಲಿ ಈ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ (ತರಂಗಗಳ ಪಟ್ಟಿಗೆ) ಲೈಸೆನ್ಸ್ ಬೇಡ ಅನ್ನೋದು ಎಲ್ಲರಿಗೂ ಗೊತ್ತು. ಮಿತಿ ಇದೆ ಅನ್ನೋದನ್ನು ಮಾತ್ರ ಮರೆಯುತ್ತಾರೆ. ಅಕ್ಟೋಬರ್ 2018ರ ಕೇಂದ್ರದ ಅಧಿಸೂಚನೆ ಬಂದ ಮೇಲೆ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ನಾನು ಹೊರಾಂಗಣ ಲಿಂಕ್‌ಗೆ ಬಳಸೋದು ಮೇಲಿನ ಭಾಗ, 5725ರಿಂದ 5875. ಅಲ್ಲಿ ರೇಡಿಯೊದ ಪವರ್ ಮತ್ತು ಆ್ಯಂಟೆನಾದ ಗೇನ್ (ಸಿಗ್ನಲನ್ನು ಒಂದೇ ಕಡೆ ಕೂಡಿಸಿ ಜೋರು ಮಾಡೋ ಗುಣ) ಎರಡೂ ಕೂಡಿ 36 ಡಿಬಿಎಂ, ಅಂದರೆ 4 ವ್ಯಾಟ್ ದಾಟಬಾರದು. ನಡುವಿನ ಬ್ಯಾಂಡ್‌ಗಳಲ್ಲಿ (5250ರಿಂದ 5350, 5470ರಿಂದ 5725) ಮಿತಿ ಇನ್ನೂ ಕಡಿಮೆ, ಅಲ್ಲಿ ರಾಡಾರ್‌ಗಳೂ ಇರುತ್ತವೆ, ಸುಮ್ನೆ ಯಾಕೆ ಬೇಕು.

ಈಗ ಲೆಕ್ಕ ನೋಡಿ. ಡಿಶ್ ಗೇನ್ 23 ಡಿಬಿಐ. 27ಕ್ಕೆ 23 ಕೂಡಿದರೆ 50. ಮಿತಿಗಿಂತ 14 ಡಿಬಿ ಜಾಸ್ತಿ, ಅಂದರೆ ಸುಮಾರು 25 ಪಟ್ಟು! ಇಷ್ಟು ಕೂಗಿದರೂ ಉಪಯೋಗ ಏನೂ ಆಗಿಲ್ಲ. ದೂರ 2 ಕಿಲೋಮೀಟರ್, 5.8 ಗಿಗಾಹರ್ಟ್ಸ್‌ನಲ್ಲಿ ಅಷ್ಟು ದೂರಕ್ಕೆ ಗಾಳಿಯಲ್ಲಿ ಕಳೆದುಹೋಗೋದು ಸುಮಾರು 114 ಡಿಬಿ. ಪವರನ್ನು 13ಕ್ಕೆ ಇಳಿಸಿದರೂ, ಆ ಕಡೆ ಡಿಶ್‌ನ 23 ಗೇನ್ ಕೂಡ ಸೇರಿ, ಅಲ್ಲಿ ಮೈನಸ್ 55 ಡಿಬಿಎಂ ಆಸುಪಾಸು ಸಿಗ್ನಲ್ ಸಿಗಬೇಕು (ಸೊನ್ನೆಗೆ ಹತ್ತಿರ ಆದಷ್ಟೂ ಜೋರು), ಕ್ಯಾಮೆರಾಗಳಿಗೆ ಅದು ಧಾರಾಳ. 27 ಇಟ್ಟಾಗ ಸಿಗೋದು ಮೈನಸ್ 41. ಅಷ್ಟು ಹತ್ತಿರದಿಂದ ಕಿವಿಗೆ ಕೂಗಿದರೆ ಮಾತು ಅರ್ಥ ಆಗಲ್ಲ ಅಲ್ವಾ, ರಿಸೀವರ್‌ಗೂ ಅದೇ ಪಾಡು. ಮೇಲಾಗಿ ಸುತ್ತಲಿನ ಎಲ್ಲಾ ಲಿಂಕ್‌ಗಳಿಗೂ ಗಲಾಟೆ. ಅವರೂ ಪವರ್ ಏರಿಸುತ್ತಾರೆ. ಕೊನೆಗೆ ಯಾರದ್ದೂ ಓಡಲ್ಲ.

ದೇಶ ಇಂಡಿಯಾ ಮಾಡಿದೆ, ಆ್ಯಂಟೆನಾ ಗೇನ್ ಸರಿಯಾಗಿ ತುಂಬಿದೆ, ಪವರ್ 13ಕ್ಕೆ ತಂದೆ. ಅಗಲ 20 ಮೆಗಾಹರ್ಟ್ಸ್. ಎಂಟು ಕ್ಯಾಮೆರಾ, ಒಂದಕ್ಕೆ 4 ಎಂಬಿಪಿಎಸ್ ಹಿಡಿದರೂ 32. ಅದಕ್ಕೆ 80 ಯಾಕ್ರೀ ಬೇಕು? ಸ್ಕ್ಯಾನ್ ಮಾಡಿ ಖಾಲಿ ಇದ್ದ ಚಾನೆಲ್ ಹಿಡಿದೆ.

ಆದರೂ ಸಿಗ್ನಲ್ ಲೆಕ್ಕದಷ್ಟು ಬರಲಿಲ್ಲ. ಕಾಲುವೆ ದಂಡೆಯ ಬೇವಿನ ಮರಗಳ ಕೆಲಸ. ಡಿಶ್ ಹತ್ತಿರ ನಿಂತರೆ ಎದುರಿನ ಗೋಡೌನ್ ಕಾಣುತ್ತೆ, ಆದರೆ ಕಣ್ಣಿಗೆ ಕಂಡರೆ ಸಾಲದು. ಅಲೆ ನಡುವೆ ಉಬ್ಬಿಕೊಂಡು ಹೋಗುತ್ತೆ. 2 ಕಿಲೋಮೀಟರಿಗೆ ಮಧ್ಯದಲ್ಲಿ ಆ ಉಬ್ಬು ನೇರ ಗೆರೆಯಿಂದ ಸುತ್ತಲೂ ಸುಮಾರು 5 ಮೀಟರ್, ಅದರಲ್ಲಿ 3 ಮೀಟರಾದರೂ ಖಾಲಿ ಇರಲೇಬೇಕು. ಮರ ಕಡಿಯೋ ಮಾತೇ ಇಲ್ಲ. ಗೋಡೌನ್ ಕಡೆ ಪೈಪ್ ಎತ್ತರಿಸಿದೆವು.

ಪೈಪ್ ಎತ್ತೋವಾಗಲೇ ನನಗೆ ನಿಜವಾದ ಭಯ. ಹೊಲದ ಪಂಪ್‌ಸೆಟ್‌ಗಳಿಗೆ ಹೋಗೋ 11 ಕೆವಿ ಲೈನ್ ಗೋಡೌನ್ ಪಕ್ಕದಲ್ಲೇ ಇತ್ತು. ಪೈಪ್ ಯಾವ ಕಡೆ ಬಿದ್ದರೂ ಲೈನ್ ಮುಟ್ಟಬಾರದು, ಅಂದರೆ ಲೈನ್‌ಗೂ ಪೈಪಿಗೂ ನಡುವಿನ ದೂರ ಪೈಪಿನ ಪೂರ್ತಿ ಉದ್ದಕ್ಕಿಂತ ಜಾಸ್ತಿ ಇರಬೇಕು, ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ. ಹಳೇ ಪೈಪ್ ಇದ್ದ ಮೂಲೆ ಬಿಟ್ಟು ಎದುರಿನ ಮೂಲೆಗೆ ಹೋದೆವು. ಅಲ್ಲೂ ಜಾಗ ಇಲ್ಲದಿದ್ದರೆ ಜೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಲೈನ್‌ಮನ್‌ನಿಂದ ಲೈನ್ ಕ್ಲಿಯರ್, ಅಂದರೆ ಕರೆಂಟ್ ಬಂದ್ ಮಾಡಿಸಿದ ಒಪ್ಪಿಗೆ, ತಗೊಂಡು ಕೆಲಸ ಮಾಡಬೇಕಿತ್ತು, ಆಮೇಲೂ ಬೀಳೋ ಅಪಾಯ ಹಾಗೇ ಉಳಿಯುತ್ತಿತ್ತು. ಉದ್ದನೆ ಪೈಪನ್ನು ಯಾವಾಗಲೂ ಮಲಗಿಸಿಕೊಂಡೇ ಹೊರಬೇಕು. ತಗಡಿನ ಚಾವಣಿ ಮೇಲೆ ಓಡಾಡುವವನಿಗೆ ಬೆಲ್ಟ್ ಬೇಕೇ ಬೇಕು. ಗಾಳಿ ಎದ್ದರೆ ಕೆಲಸ ಬಂದ್. ಏಪ್ರಿಲ್, ಮೇನಲ್ಲಿ ಸಂಜೆ ಮುಂದೆ ಬರೋ ಗಾಳಿ-ಸಿಡಿಲು ನೆನೆದು ಪೈಪಿಗೆ ಮೂರು ಕಡೆ ತಂತಿ ಬಿಗಿದೆ.

ಅರ್ಥಿಂಗ್‌ಗೂ ನಮ್ಮ ಎರೆ ಮಣ್ಣಿಗೂ ಒಂದು ತಕರಾರಿದೆ. ಹಸಿ ಇದ್ದಾಗ ಅರ್ಥ್ ಬಹಳ ಚೆನ್ನಾಗಿ ಸಿಗುತ್ತೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಮಣ್ಣು ರಾಡ್‌ನಿಂದ ಬಿಟ್ಟುಕೊಳ್ಳುತ್ತೆ, ಸಿಡಿಲು ಬರೋದೂ ಅದೇ ಸಮಯಕ್ಕೆ. ಹಾಗಾಗಿ ಗುಂಡಿ ಆಳ ತೋಡಿಸಿ, ಆಗಾಗ ನೀರು ಹಾಕೋ ಕೆಲಸ ವಾಚ್‌ಮನ್‌ಗೆ ಒಪ್ಪಿಸಿದೆ. ಪೈಪಿನ ಅರ್ಥನ್ನು ಕಟ್ಟಡದ ಅರ್ಥ್‌ಗೆ ಸೇರಿಸಿದೆ. ಎರಡೂ ಬೇರೆಬೇರೆ ಇದ್ದರೆ ಸಿಡಿಲು ಹೊಡೆದಾಗ ಆ ವ್ಯತ್ಯಾಸ ನೆಟ್‌ವರ್ಕ್ ಕೇಬಲ್ ಮೂಲಕ ಹರಿದು ನೆಟ್‌ವರ್ಕ್ ಸ್ವಿಚ್ಚು, ವಿಡಿಯೊ ರೆಕಾರ್ಡ್ ಮಾಡೋ ಡಿವಿಆರ್ ಎಲ್ಲ ಸುಟ್ಟುಹೋಗುತ್ತೆ. ಬಿಸಿಲು ತಡೆಯೋ ಶೀಲ್ಡೆಡ್ ಕೇಬಲ್, ಒಳಗೆ ಬರೋ ಕಡೆ ಹಠಾತ್ ಏರೋ ವೋಲ್ಟೇಜ್ ತಡೆಯೋ ಸರ್ಜ್ ಪ್ರೊಟೆಕ್ಟರ್. ಕೇಬಲ್ ಪೂರ್ತಿ ಪೈಪಿನೊಳಗೆ, ಯಾಕಂದ್ರೆ ಕೋತಿಗಳು. ಮಿಲ್ ಕಡೆ ಡಿಶ್ ಬಾಯ್ಲರ್ ಚಿಮಣಿಯಿಂದ ದೂರ ಇರಲಿ, ಮಸಿ ಮತ್ತು ಬಿಸಿ ಎರಡೂ ಕೆಟ್ಟದ್ದು.

ಹೊಸ ರೇಡಿಯೊ ತಗೊಳ್ಳೋದಾದರೆ ಇಟಿಎ ಇದೆಯಾ ಕೇಳಿ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಅದು. ಲೈಸೆನ್ಸ್ ಬೇಡದ ಬ್ಯಾಂಡ್ ಆದರೂ ಉಪಕರಣಕ್ಕೆ ಅದು ಬೇಕು.

ಕೆಲಸ ಮುಗಿದು ಮೈನಸ್ 57 ಬಂತು, ವಿಡಿಯೊ ಒಡೆಯೋದು ನಿಂತಿತು. ಮಾಲೀಕರ ಮುಂದಿನ ಬೇಡಿಕೆ, ಗೋಡೌನ್‌ನಲ್ಲಿ ಫೋನ್ ಸಿಗಲ್ಲ, ಒಂದು ಮೊಬೈಲ್ ಬೂಸ್ಟರ್ ಹಾಕಿಬಿಡಿ ಅಂತ. ಅದು ಆಗಲ್ಲ ಅಂದೆ. ಆನ್‌ಲೈನ್‌ನಲ್ಲಿ ಮಾರುತ್ತಾರೆ ನಿಜ, ಆದರೆ ಮೊಬೈಲ್ ಬ್ಯಾಂಡ್ ಕಂಪನಿಗಳಿಗೆ ಕೊಟ್ಟಿರೋದು, ಖಾಸಗಿಯವರು ಹಾಗೆ ಬೂಸ್ಟರ್ ಹಾಕೋದು ಕಾನೂನುಬಾಹಿರ, ಸುತ್ತಲಿನವರ ಫೋನ್ ಕೂಡ ಹಾಳಾಗುತ್ತೆ. ಲಿಂಕ್ ಹೇಗೂ ಇತ್ತು. ಒಳಗೆ ಒಂದು ವೈ-ಫೈ ಪಾಯಿಂಟ್ ಹಾಕಿ, ಅವರ ಫೋನ್‌ನಲ್ಲಿ ವೈ-ಫೈ ಕಾಲಿಂಗ್ (ಟವರ್ ಬದಲು ವೈ-ಫೈ ಮೂಲಕ ಕರೆ ಮಾಡೋದು) ಆನ್ ಮಾಡಿಕೊಟ್ಟೆ.